ಫ್ಯಾಷನ್ ಇಂಟರ್ನ್‌ಶಿಪ್: ಡಿಸೈನರ್ ಸ್ಟುಡಿಯೋವೋ, ರಫ್ತು ಗಾರ್ಮೆಂಟ್ಸೋ?

ಪ್ರಶ್ನೆ: ವಿರಾಜಪೇಟೆಯ ವಿದ್ಯಾರ್ಥಿನಿ

ಮೈಸೂರಿನಲ್ಲಿ ಫ್ಯಾಷನ್ ಡಿಸೈನ್ ಪದವಿ ಓದುತ್ತಿರುವ ನಾನು ಬರುವ ಡಿಸೆಂಬರ್‌ನಲ್ಲಿ ಇಂಟರ್ನ್‌ಶಿಪ್‌ಗಾಗಿ ಬೆಂಗಳೂರಿಗೆ ಹೋಗಬೇಕಾಗಿದೆ. ಎರಡು ಕಡೆಯಿಂದ ಒಪ್ಪಿಗೆ ಬಂದಿದೆ. ಒಂದು ಮದುವೆಯ ಉಡುಪು ಸಿದ್ಧಪಡಿಸುವ ಡಿಸೈನರ್ ಒಬ್ಬರ ಸ್ಟುಡಿಯೋ. ಹೆಸರು ದೊಡ್ಡದು, ಆದರೆ ಸ್ಟೈಪೆಂಡ್ ಇಲ್ಲ. ಇನ್ನೊಂದು ಪೀಣ್ಯದ ಕಡೆಯ ರಫ್ತು ಗಾರ್ಮೆಂಟ್ಸ್ ಕಾರ್ಖಾನೆಯ ಸ್ಯಾಂಪಲಿಂಗ್ ವಿಭಾಗ. ಅಲ್ಲಿ ಪಿಜಿ ಬಾಡಿಗೆಗೆ ಸಾಲುವಷ್ಟು ಕೊಡುತ್ತಾರೆ. ನಮ್ಮದು ಸಣ್ಣ ಕಾಫಿ ತೋಟ. ಕೊಯ್ಲಿನ ಸಮಯದಲ್ಲಿ ಆಳುಗಳ ಕೂಲಿಗೇ ಹಣ ಹೊಂದಿಸಬೇಕಾಗಿರುವುದರಿಂದ ಅಪ್ಪ ಎರಡನೆಯದನ್ನು ಒಪ್ಪಿಕೊಳ್ಳುವಂತೆ ಹೇಳುತ್ತಿದ್ದಾರೆ. ಅಮ್ಮನಿಗೆ ರಾತ್ರಿ ತಡವಾಗುವ ಕೆಲಸದ ಬಗ್ಗೆಯೇ ಚಿಂತೆ. ಇಂತಹ ಕಡೆಗಳಲ್ಲಿ ಇಂಟರ್ನ್‌ಗಳು ದಿನವಿಡೀ ನಿಜವಾಗಿ ಏನು ಮಾಡುತ್ತಾರೆ ಎಂಬುದನ್ನು ಅನುಭವವುಳ್ಳವರು ತಿಳಿಸುವಿರಾ?

ಉತ್ತರ: ಗೋಣಿಕೊಪ್ಪದವರು, ಗಾರ್ಮೆಂಟ್ಸ್ ಮರ್ಚಂಡೈಸರ್

ರಫ್ತು ಕಾರ್ಖಾನೆಯಲ್ಲಿ ನೀವು ವಿನ್ಯಾಸ ಮಾಡುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡಿರಿ. ವಿನ್ಯಾಸವು ವಿದೇಶದ ಬೈಯರ್‌ನಿಂದ ಟೆಕ್ ಪ್ಯಾಕ್ (ಚಿತ್ರ, ಅಳತೆ, ಬಟ್ಟೆಯ ವಿವರಗಳಿರುವ ಕಡತ) ರೂಪದಲ್ಲಿ ಬರುತ್ತದೆ. ಅದನ್ನು ನೋಡಿ ಪ್ಯಾಟರ್ನ್ ಮಾಸ್ಟರ್ ಕಾಗದದ ಮೇಲೆ ಭಾಗಗಳನ್ನು ಬಿಡಿಸುತ್ತಾರೆ, ಅಳತೆ ಸರಿಯಾಗಿ ಕೂರುತ್ತದೆಯೇ ಎಂದು ನೋಡಲು ಫಿಟ್ ಸ್ಯಾಂಪಲ್ ಹೊಲಿಯಲಾಗುತ್ತದೆ, ಬೈಯರ್ ತಿದ್ದುಪಡಿ ಕಳುಹಿಸುತ್ತಾರೆ, ಕೊನೆಗೆ ಪಿಪಿ (ಪ್ರೀ-ಪ್ರೊಡಕ್ಷನ್, ಅಂದರೆ ಉತ್ಪಾದನೆಗೆ ಮೊದಲಿನ) ಸ್ಯಾಂಪಲ್‌ಗೆ ಒಪ್ಪಿಗೆ ಸಿಕ್ಕ ಮೇಲೆ ದೊಡ್ಡ ಪ್ರಮಾಣದ ಕಟಿಂಗ್ ಆರಂಭವಾಗುತ್ತದೆ. ಇಂಟರ್ನ್‌ನ ಪಾಲಿಗೆ ಬರುವುದು ಅಳತೆಪಟ್ಟಿ ಹಿಡಿದು ಸ್ಯಾಂಪಲ್ ಅಳೆಯುವುದು, ಗುಂಡಿ, ಜಿಪ್, ಲೇಬಲ್‌ಗಳ ಲೆಕ್ಕ ಇಡುವುದು, ಎಕ್ಸೆಲ್ ತುಂಬುವುದು, ಕೊರಿಯರ್ ಪಾರ್ಸೆಲ್ ಕಟ್ಟುವುದು. ಕೇಳಲು ನೀರಸವಾಗಿದೆ, ಕೆಲವು ದಿನ ನಿಜಕ್ಕೂ ನೀರಸವೇ.

ಆದರೆ ತರಗತಿಯಲ್ಲಿ ಕೈಗೆ ಹತ್ತದ ಎಷ್ಟೋ ವಿಷಯಗಳು ಇಲ್ಲಿ ಕಣ್ಣೆದುರಿಗೇ ನಡೆಯುತ್ತವೆ. ಉದಾಹರಣೆಗೆ, ಹೊಸ ಹತ್ತಿ ಬಟ್ಟೆ ಬಂದಾಗ ಅದರ ಮೇಲೆ 50 ಸೆಂಟಿಮೀಟರ್ ಉದ್ದಗಲದ ಚೌಕವನ್ನು ಅಳಿಸದ ಮಾರ್ಕರ್‌ನಿಂದ ಗುರುತಿಸಿ, ಒಗೆದು ಒಣಗಿಸಿ ಮತ್ತೆ ಅಳೆಯುತ್ತಾರೆ. ಉದ್ದದಲ್ಲಿ ಅದು 48.5ಕ್ಕೆ ಇಳಿದಿದ್ದರೆ ಬಟ್ಟೆ ಆ ದಿಕ್ಕಿನಲ್ಲಿ 3 ಶೇಕಡ ಕುಗ್ಗಿದೆ ಎಂದರ್ಥ. ಅಗಲದಲ್ಲಿ ಕುಗ್ಗುವ ಪ್ರಮಾಣ ಬೇರೆಯೇ ಇರಬಹುದು. ಅದಕ್ಕೆ ತಕ್ಕಂತೆ ಮಾಸ್ಟರ್ ಪ್ಯಾಟರ್ನನ್ನು ಮೊದಲೇ ಹಿಗ್ಗಿಸದಿದ್ದರೆ, ಹೊಲಿದಾಗ ಸರಿಯಾಗಿದ್ದ ಅಂಗಿ ಒಗೆದ ಮೇಲೆ ಅಳತೆ ತಪ್ಪಿ ಇಡೀ ಆರ್ಡರ್ ತಿರಸ್ಕೃತವಾಗಬಹುದು. ಈ ಲೆಕ್ಕವನ್ನು ಮಾಸ್ಟರ್ ಮೇಜಿನ ಪಕ್ಕದಲ್ಲಿ ನಿಂತು ಕಲಿತವರಿಗೂ ಕಚೇರಿಯ ಕಂಪ್ಯೂಟರ್ ಮುಂದೆ ಕುಳಿತು ಹಿಂದಿರುಗಿದವರಿಗೂ ಇರುವ ವ್ಯತ್ಯಾಸವನ್ನು ನಾನು ಸಂದರ್ಶನಗಳಲ್ಲಿ ಎರಡೇ ಪ್ರಶ್ನೆಗಳಲ್ಲಿ ಗುರುತಿಸುತ್ತೇನೆ. ಆದ್ದರಿಂದ ಎರಡೂ ಕಡೆಗೆ ಒಂದೇ ಮಾತು ಕೇಳಿ: ನನ್ನನ್ನು ಯಾರ ಕೈಕೆಳಗೆ, ಯಾವ ಕೋಣೆಯಲ್ಲಿ ಇರಿಸುತ್ತೀರಿ?

ಉತ್ತರ: ಮಡಿಕೇರಿಯವರು, ಈಗ ಬೆಂಗಳೂರಿನಲ್ಲಿ ಸ್ಟೈಲಿಸ್ಟ್

ಮೇಲಿನವರ ಕೊನೆಯ ಮಾತನ್ನು ಒಪ್ಪುತ್ತೇನೆ, ಆದರೆ ಸ್ಟುಡಿಯೋವನ್ನು ಅಷ್ಟು ಬೇಗ ಕೈಬಿಡಬೇಡಿ. ಮದುವೆ ಉಡುಪಿನ ಸ್ಟುಡಿಯೋದಲ್ಲಿ ನೀವು ಬಟ್ಟೆಯ ತುಂಡು ಹಿಡಿದು ಚಿಕ್ಕಪೇಟೆಯ ಅಂಗಡಿಗಳನ್ನು ಸುತ್ತಿ, ಅದೇ ಬಣ್ಣದ ಲೈನಿಂಗ್ ಮತ್ತು ಲೇಸ್ ಹುಡುಕುತ್ತೀರಿ; ಕೊಳವೆದೀಪದಡಿ ಒಂದಾಗಿ ಕಂಡ ಎರಡು ಕೆಂಪುಗಳು ಬಿಸಿಲಿಗೆ ಬಂದಾಗ ಬೇರೆಯಾಗುವುದನ್ನು ಅಲ್ಲೇ ಕಲಿಯುತ್ತೀರಿ. ಕಸೂತಿಗೆ ಖಾಕಾ ಸಿದ್ಧಪಡಿಸುವ ಕೆಲಸವೂ ಇಂಟರ್ನ್‌ಗೆ ಬರುವುದುಂಟು. ಟ್ರೇಸಿಂಗ್ ಕಾಗದದ ಮೇಲಿನ ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ರಂಧ್ರ ಚುಚ್ಚಿ, ಅದನ್ನು ಬಟ್ಟೆಯ ಮೇಲಿರಿಸಿ, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯಲ್ಲಿ ಅದ್ದಿದ ಬಟ್ಟೆಯುಂಡೆಯಿಂದ ಒರೆಸಿದರೆ ಚಿತ್ರ ಚುಕ್ಕೆಗಳಾಗಿ ಕೆಳಗಿಳಿಯುತ್ತದೆ. ಕಲಸಿದ್ದು ಹೆಚ್ಚು ತೆಳುವಾದರೆ ಬಟ್ಟೆಯ ಮೇಲೆ ಹರಡುತ್ತದೆ. ಜರ್ದೋಸಿ (ಜರಿ ಕಸೂತಿ) ಕೆಲಸಗಾರರು ಇದನ್ನು ಬಾಯಲ್ಲಿ ಹೇಳಿಕೊಡುವುದಿಲ್ಲ, ಮಾಡುವಾಗ ನೋಡಬೇಕಷ್ಟೆ.

ಇನ್ನು ಫೋಟೊ ಶೂಟ್‌ಗಳ ಬೆರಗಿನ ಬಗ್ಗೆ ಹೇಳುವುದಾದರೆ, ಅಲ್ಲಿ ಇಂಟರ್ನ್‌ನ ಪಾಲಿಗೆ ಬರುವುದು ಎರವಲು ತಂದ ಬಟ್ಟೆಗಳಿಗೆ ಸ್ಟೀಮರ್ ಹಿಡಿಯುವುದು, ಗೀರು ಬೀಳದಂತೆ ಪಾದರಕ್ಷೆಗಳ ಅಡಿಗೆ ಟೇಪ್ ಅಂಟಿಸುವುದು ಮತ್ತು ಮರುದಿನ ಚಲನ್ ಹಿಡಿದು ಎಲ್ಲವನ್ನೂ ಲೆಕ್ಕ ಒಪ್ಪಿಸಿ ಹಿಂದಿರುಗಿಸುವುದು.

ಸ್ಟೈಪೆಂಡ್ ಇಲ್ಲದಿರುವುದನ್ನು ಮಾತ್ರ ಸಮರ್ಥಿಸಲಾರೆ. ಲಕ್ಷಗಟ್ಟಲೆ ಬೆಲೆಯ ಲೆಹೆಂಗಾ ಮಾರುವವರು ಬಸ್ ಚಾರ್ಜನ್ನೂ ಕೊಡದಿರುವುದಕ್ಕೆ ಬಡತನ ಕಾರಣವಲ್ಲ. ಅಮೆರಿಕದಲ್ಲಿ ಹಳೆಯ ಇಂಟರ್ನ್‌ಗಳು ಮೊಕದ್ದಮೆ ಹೂಡಿದ ಮೇಲೆ, ವೋಗ್ ಪತ್ರಿಕೆಯನ್ನು ಪ್ರಕಟಿಸುವ ಕಾಂಡೆ ನಾಸ್ಟ್ ಸಂಸ್ಥೆ 2013ರಲ್ಲಿ ತನ್ನ ಇಂಟರ್ನ್‌ಶಿಪ್ ಕಾರ್ಯಕ್ರಮವನ್ನೇ ನಿಲ್ಲಿಸಿತು. ನಮ್ಮಲ್ಲಿ 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿತರಾದವರಿಗೆ ಸ್ಟೈಪೆಂಡ್ ಕಡ್ಡಾಯ. ಕಾಲೇಜಿನ ಪತ್ರ ಹಿಡಿದು ಹೋಗುವ ಸಾಮಾನ್ಯ ಇಂಟರ್ನ್‌ಗೆ ಆ ರಕ್ಷಣೆ ಸಿಗುವುದಿಲ್ಲ.

ಉತ್ತರ: ಕುಶಾಲನಗರದವರು, ಮಾನವ ಸಂಪನ್ಮೂಲ ವಿಭಾಗ

ನಿಮ್ಮ ತಾಯಿಯವರಿಗೆ ಇದನ್ನು ತಿಳಿಸಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯು ಸಂಬಳವಿಲ್ಲದೆ ದುಡಿಯುವವರಿಗೂ ತರಬೇತಿಯಲ್ಲಿರುವವರಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಇಂತಹ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಸದಸ್ಯರ ಹೆಸರನ್ನು ಕೇಳಿದರೆ ಯಾರೂ ಬೇಸರಪಡಬಾರದು, ಬೇಸರಪಟ್ಟರೆ ಅದೂ ಒಂದು ಉತ್ತರವೇ. ಕೆಲಸದ ಅವಧಿ, ರಜೆ, ತಡವಾದರೆ ವಾಹನದ ವ್ಯವಸ್ಥೆ ಮತ್ತು ನೀವು ಮಾಡಿದ ಕೆಲಸದ ಚಿತ್ರಗಳನ್ನು ಪೋರ್ಟ್‌ಫೋಲಿಯೊದಲ್ಲಿ ಬಳಸಲು ಅನುಮತಿ, ಇವೆಲ್ಲ ಪತ್ರದಲ್ಲಿರಲಿ. ಕೊನೆಯದನ್ನು ಮಕ್ಕಳು ಮರೆತೇಬಿಡುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಎರಡೂ ಕಡೆಗೆ ಕರೆ ಮಾಡಿ ವಿಚಾರಿಸಿದೆ. ಕಾರ್ಖಾನೆಯವರು ಪ್ಯಾಟರ್ನ್ ಕೋಣೆಯಲ್ಲೇ ಇರಿಸುವುದಾಗಿ ತಿಳಿಸಿದರು. ಸ್ಟುಡಿಯೋದವರು ಸದ್ಯಕ್ಕೆ ಇನ್‌ಸ್ಟಾಗ್ರಾಂ ಪುಟ ನೋಡಿಕೊಳ್ಳುವವರು ಬೇಕಾಗಿದ್ದಾರೆ ಎಂದರು. ಕಾರ್ಖಾನೆಗೆ ಒಪ್ಪಿಗೆ ಕಳುಹಿಸಿದ್ದೇನೆ. ಹೋಗುವ ಮೊದಲು ಊರಿನಲ್ಲಿದ್ದುಕೊಂಡೇ ಏನಾದರೂ ಕಲಿಯಬಹುದೇ?

ಉತ್ತರ: ಪೊನ್ನಂಪೇಟೆಯ ಟೈಲರ್

ತಂಗಿ, ಹುತ್ತರಿಗೆ ಮೊದಲು ಕುಪ್ಯ (ಕೊಡವ ಗಂಡಸರ ಸಾಂಪ್ರದಾಯಿಕ ನಿಲುವಂಗಿ) ಹೊಲಿಯುವ ಯಾವುದಾದರೂ ಅಂಗಡಿಯಲ್ಲಿ ಕುಳಿತುಕೊಳ್ಳಿ. ಆಗ ಕೆಲಸ ಬಹಳ ಇರುತ್ತದೆ, ಕೈ ಜೋಡಿಸುವವರನ್ನು ಯಾರೂ ಬೇಡವೆನ್ನುವುದಿಲ್ಲ. ಕುಪ್ಯ ನೋಡಲು ಸರಳ, ಆದರೆ ಸೊಂಟಕ್ಕೆ ಚೇಲೆ ಎಂಬ ಪಟ್ಟಿ ಬಿಗಿದಾಗ ಎದೆಯ ಮೇಲೆ ಒಂದರ ಮೇಲೊಂದು ಬರುವ ಭಾಗಗಳು ಸರಿಯಬಾರದು, ಕೆಳಗಿನ ಅಂಚು ಮುಂದೆ ಏಳಬಾರದು. ಹೆಗಲು ಕತ್ತರಿಸುವುದರಲ್ಲಿ ಹೆಚ್ಚುಕಡಿಮೆಯಾದರೆ ಇವೆರಡೂ ಕೆಡುತ್ತವೆ. ಹಳೆಯದೊಂದನ್ನು ಬಿಚ್ಚಿ ಭಾಗಗಳನ್ನು ಕಾಗದದ ಮೇಲೆ ಇಳಿಸಿಕೊಂಡರೆ ಬೆಂಗಳೂರಿನ ಮಾಸ್ಟರ್‌ಗೆ ತೋರಿಸಲು ನಿಮ್ಮದೇ ಆದ ಪ್ಯಾಟರ್ನ್ ಒಂದಿರುತ್ತದೆ. ಬಟ್ಟೆಯ ಕತ್ತರಿ ನಿಮ್ಮದೇ ಇರಲಿ, ಅದರಿಂದ ಕಾಗದ ಕತ್ತರಿಸಲು ಯಾರಿಗೂ ಕೊಡಬೇಡಿ.