ಚೈನ್‌ಸಾ ಚೈನ್ ಯಾವುದಂತ ತಿಳೀವಲ್ದು, 18 ಇಂಚು ಅಂತ ತಂದದ್ದು ಕೂಡವಲ್ದು

ಆಳಂದದವ:
ನಮಸ್ಕಾರ್ರಿ. ಹೊಲದ ಬದುವಿನ್ಯಾಗ ಬಳ್ಳಾರಿ ಜಾಲಿ ಬೆಳೆದು ತೊಗರಿ ಸಾಲಿಗೇ ನುಗ್ಯಾದ. ಕಡೀಲಿಕ್ಕಂತ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಮಷೀನ್ ತಗೊಂಡೀನಿ. ಸ್ಟಿಕ್ಕರ್ ಇಲ್ಲ, ಬಾರ್ (ಚೈನ್ ಸುತ್ತ ಓಡೋ ಉದ್ದನ ಪಟ್ಟಿ) ಮ್ಯಾಲಿನ ನಂಬರ್ ಅಳಿಸಿ ಹೋಗ್ಯಾದ. ಕಲಬುರಗಿಯ ಅಂಗಡಿಯಾಗ "18 ಇಂಚು" ಅಂದೆ, ಒಂದು ಚೈನ್ ಕೊಟ್ರು. ಬಾರಿನ ಸಂದಿನ್ಯಾಗ ಇಳೀತದ, ಆದ್ರ ಕೈಲೆ ಜಗ್ಗಿದ್ರ ಸ್ಪ್ರಾಕೆಟ್ (ಚೈನ್ ತಿರುಗಿಸೋ ಹಲ್ಲಿನ ಚಕ್ರ) ಮ್ಯಾಲ ಏರಿ ಕಟಕ್ ಅಂತ ಜಿಗೀತದ. ಹಳೇದು ಇನ್ನೂ ಇಟ್ಟೀನಿ.

ಹುಮನಾಬಾದ್ ರಿಪೇರಿ:
ಅದನ್ನ ಹಾಕಿ ಸ್ಟಾರ್ಟ್ ಮಾಡಬ್ಯಾಡ್ರಿ ಅಣ್ಣಾರ. 18 ಇಂಚು ಅನ್ನೋದು ಬಾರಿನ ಅಳತಿ, ಚೈನಿಂದಲ್ಲ. ಚೈನಿಗೆ ಮೂರು ಲೆಕ್ಕ: ಪಿಚ್ (ರಿವೆಟ್ಟಿನಿಂದ ರಿವೆಟ್ಟಿಗಿರೋ ಸರಾಸರಿ ಅಂತರ), ಗೇಜ್, ಬಾರಿನ ಸಂದಿನ್ಯಾಗ ಇಳಿಯೋ ಕೆಳಗಿನ ಹಲ್ಲು ಎಷ್ಟು ಅನ್ನೋದು.

ಪಿಚ್‌ಗೆ ಮೂರು ರಿವೆಟ್ ಅಳೆದು ಅರ್ಧ ಮಾಡ್ರಿ ಅಂತಾರ, ಆದ್ರ ಸಾಲಿ ಪಟ್ಟಿಯಾಗ ಒಂದೆರಡು ಮಿ.ಮೀ. ತಪ್ಪಿದ್ರ ಲೆಕ್ಕನೇ ಕೆಡ್ತದ. ನಾನು ಹಳೇ ಚೈನ್ ಹಲಗಿ ಮ್ಯಾಲ ನೆಟ್ಟಗ ಜಗ್ಗಿ ಇಟ್ಟು, ಒಂದನೇ ರಿವೆಟ್ಟಿನ ನಡುವಿನಿಂದ ಹನ್ನೊಂದನೇದರ ನಡುವಿನ ತನಕ ಅಳೀತೀನಿ. 83 ಮಿ.ಮೀ. ಹತ್ರ ಬಂದ್ರ ಪಿಚ್ .325 ಇಂಚು, 95 ಹತ್ರ ಬಂದ್ರ 3/8 ಇಂಚು. ಹಳೇ ಚೈನ್ ಸವೆದು ಉದ್ದ ಆಗಿರ್ತದ, ಒಂದು ಮಿ.ಮೀ. ಜಾಸ್ತಿ ಬಂದ್ರ ಗಾಬರಿ ಬ್ಯಾಡ. ನಿಮ್ಮ ಸ್ಪ್ರಾಕೆಟ್ .325ದು, ಅಂಗಡಿಯವರು 3/8 ಕೊಟ್ಟಾರಂತ ನನ್ನ ಅಂದಾಜು.

ಗೇಜ್ ಅಂದ್ರ ಕೆಳಗಿನ ಹಲ್ಲಿನ ದಪ್ಪ. ಅಳೀಲಿಕ್ಕ ವರ್ನಿಯರ್ (ದಪ್ಪ ಅಳೆಯೋ ಸಾಧನ) ಬೇಕು: 1.3, 1.5 ಅಥವಾ 1.6 ಮಿ.ಮೀ. ಇರ್ತದ.

ಶಹಾಪುರ ಹೊಲದವ:
ಹಲ್ಲು ಎಣಿಸೋಕಿಂತ ಮೊದಲು ಒಂದಕ್ಕ ಉಗುರಿನ ಬಣ್ಣ ಹಚ್ಚರಿ. ನಾ ಹಚ್ಚದೇ ಮೂರು ಸಲ ಎಣಿಸಿ ಮೂರು ಲೆಕ್ಕ ತಗದೀನಿ.

ಆಳಂದದವ:
83ರ ಮ್ಯಾಲ ಒಂದು ಗೆರೆ ಬಂತ್ರಿ. ಹೊಸದು 95! ಹಲ್ಲು 72. ಮಗನ ವರ್ನಿಯರ್ದಾಗ ದಪ್ಪ 1.42. ಇದು 1.3 ಏನು, 1.5 ಏನು?

ಹುಮನಾಬಾದ್ ರಿಪೇರಿ:
1.5. ಕಬ್ಬಿಣ ಸವೀತದ, ಬೆಳೆಯಂಗಿಲ್ಲ. 1.3 ಹಾಕಿದ್ರೂ ಕುಂದರ್ತದ, ಆದ್ರ ಸಂದಿನ್ಯಾಗ ಅಲ್ಲಾಡಿ ಕೊಯ್ತ ಸೊಟ್ಟ ಹೋಗ್ತದ. ಅಂಗಡಿಯಾಗ ಇಂಚು ಹೇಳಬ್ಯಾಡ್ರಿ, ".325, 1.5, 72" ಅಂತ ಚೀಟಿ ಕೊಡ್ರಿ. ಚೂಪು ಮಾಡಲಿಕ್ಕ 4.8 ಮಿ.ಮೀ. ಗುಂಡು ಅರನೂ ತಗೊಳ್ರಿ. ಸ್ಪ್ರಾಕೆಟ್ ಮ್ಯಾಲ ಅರ್ಧ ಮಿ.ಮೀ. ತಗ್ಗು ಬಿದ್ದಿದ್ರ ಅದನ್ನೂ ಬದಲಿಸ್ರಿ, ಇಲ್ಲಂದ್ರ ಹೊಸ ಚೈನನ್ನೂ ತಿಂತದ.

ಹಾಕೋವಾಗ ಪ್ಲಗ್ ಕ್ಯಾಪ್ ತಗೀರಿ, ಕೈಗವಸ ಹಾಕ್ಕೊಳ್ರಿ. ಬಾರಿನ ಮ್ಯಾಲಿನ ಅಂಚಿನ್ಯಾಗ ಕೊಯ್ಯೋ ಹಲ್ಲಿನ ಬಾಯಿ ಬಾರಿನ ತುದಿ ಕಡೆ ಇರಬೇಕು. ಚೈನ್ ಬಾರಿಗೆ ಹತ್ತಿರಬೇಕು, ಆದ್ರ ಕೈಲೆ ಜಗ್ಗಿದ್ರ ಸರಾಗ ತಿರುಗಬೇಕು. ಹೊಸದು ನಾಕು ಕೊಯ್ತಕ್ಕ ಸಡಿಲ ಆಗ್ತದ, ಆರಿದ ಮ್ಯಾಲ ಮತ್ತ ಬಿಗೀರಿ.

ಆಳಂದದವ:
ಚೀಟಿ ನೋಡಿ ಅಂಗಡಿಯವರು ಮೊದಲು ಕೊಟ್ಟ ಚೈನ್ ವಾಪಸ್ ತಗೊಂಡು ಬ್ಯಾರೇದು ಕೊಟ್ರು, ಮ್ಯಾಲ ರೊಕ್ಕ ಕೊಟ್ಟೆ. ಜಿಗಿಯೋದು ನಿಂತದ. ಬದುವಿನ ಜಾಲಿ ಅರ್ಧ ಆಗ್ಯಾದ, ಇನ್ನ ಮುಳ್ಳು ಯಾರು ಎತ್ತಬೇಕಂತ ಮನ್ಯಾಗ ಜಗಳ ನಡದದ.