ಸಂಜೆ ಹೊತ್ತಿಗೆ ಗಂಟಲೇ ಇರುವುದಿಲ್ಲ, ಹೈಸ್ಕೂಲ್ ಶಿಕ್ಷಕರೇ ನೀವು ಹೇಗೆ ನಿಭಾಯಿಸುತ್ತೀರಿ?

ಪ್ರಶ್ನೆ: ಕುಮಟಾ ತಾಲೂಕು, ವಿಜ್ಞಾನ

ಎಲ್ಲರಿಗೂ ನಮಸ್ಕಾರ. ನಾನು ಗದಗ ಕಡೆಯವಳು. ಈ ಜೂನ್‌ನಲ್ಲಿ ಕುಮಟಾ ತಾಲೂಕಿನ ಒಂದು ಹೈಸ್ಕೂಲಿಗೆ ವಿಜ್ಞಾನ ಶಿಕ್ಷಕಿಯಾಗಿ ಬಂದಿದ್ದೇನೆ. ಎಂಟು, ಒಂಬತ್ತು, ಹತ್ತು ಮೂರೂ ತರಗತಿ ನನಗೇ. ಮಕ್ಕಳು ಒಳ್ಳೆಯವರು, ಊರಿನವರೂ ಒಳ್ಳೆಯವರು. ಆದರೆ ಸಂಜೆ ಬಸ್ ಹತ್ತುವಾಗ ಗಂಟಲು ಕಟ್ಟಿರುತ್ತದೆ. ಮನೆಗೆ ಹೋದ ಮೇಲೆ ಯಾರ ಹತ್ತಿರವೂ ಮಾತೇ ಬೇಡ ಅನಿಸುತ್ತದೆ. ಮಳೆ ಸದ್ದಿನಲ್ಲಿ ಕೂಗಿ ಕೂಗಿ ಸಾಕಾಗಿದೆ. ಇನ್ನೊಂದು, ಊಟದ ಮೇಲಿನ ಪೀರಿಯಡ್‌ನಲ್ಲಿ ಯಾರೋ ಒಬ್ಬ ಏನೋ ಅಂದರೆ ಇಡೀ ಕ್ಲಾಸು ನಗುತ್ತದೆ. ನನಗೂ ನಗು ಬರುತ್ತದೆ, ತಡೆದುಕೊಳ್ಳುತ್ತೇನೆ. ನಕ್ಕರೆ ಕ್ಲಾಸು ಕೈತಪ್ಪುತ್ತದೆ ಅಂತ ಭಯ. ನೀವೆಲ್ಲ ವರ್ಷಗಟ್ಟಲೆ ಇದನ್ನು ಹೇಗೆ ಮಾಡಿಕೊಂಡು ಬಂದಿದ್ದೀರಿ, ದಯವಿಟ್ಟು ಹೇಳಿ.

ಅಂಕೋಲಾ, ಗಣಿತ

ಮೇಡಂ, ಮೊದಲು ಮಳೆ ವಿಷಯ. ನಮ್ಮ ಕಡೆ ಜೂನ್, ಜುಲೈನಲ್ಲಿ ಶೀಟಿನ ಮಾಡಿನ ಕೆಳಗೆ ಯಾರು ಎಷ್ಟು ಕೂಗಿದರೂ ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ. ಮಳೆ ಜೊತೆ ಜಿದ್ದಿಗೆ ಬೀಳಬೇಡಿ. ಜೋರು ಮಳೆ ಶುರುವಾದ ಕೂಡಲೇ ನಾನು ಮಾತು ನಿಲ್ಲಿಸಿ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆಯುತ್ತೇನೆ. ಮೊದಲ ಹೆಜ್ಜೆ ನನ್ನದು. ಆಮೇಲೆ ಸೀಮೆಸುಣ್ಣ ಒಬ್ಬಳ ಕೈಗೆ. ಅವಳು ಮುಂದಿನ ಹೆಜ್ಜೆ ಬರೆದು ಇನ್ನೊಬ್ಬರ ಕೈಗೆ ಕೊಡಬೇಕು. ಯಾರೂ ಬಾಯಿ ಬಿಡುವ ಹಾಗಿಲ್ಲ. ತಪ್ಪು ಕಂಡವರು ಎದ್ದು ಬಂದು ತಿದ್ದಬೇಕು. ಮಕ್ಕಳಿಗೆ ಇದು ಆಟದ ಹಾಗೆ ಖುಷಿ, ನನ್ನ ಗಂಟಲಿಗೆ ಬಿಡುವು. ನೀವು ವಿಜ್ಞಾನದವರು, ನಿಮಗೆ ಇನ್ನೂ ಸುಲಭ. ಕಿರಣ ಚಿತ್ರ, ಕಣ್ಣಿನ ರಚನೆ, ಹೃದಯದ ಚಿತ್ರ, ಇಂಥವನ್ನೆಲ್ಲ ಮಳೆಗಾಲಕ್ಕೆ ಎತ್ತಿಡಿ.

ಮಳೆ ರಜೆ ಇನ್ನೊಂದು ಕಥೆ. ಹಾಜರಿ ಕರೆಯುವ ಮೊದಲೇ ಪ್ರಶ್ನೆ ಬರುತ್ತದೆ: "ಸರ್, ಇವತ್ತು ಆರೆಂಜ್ ಅಲರ್ಟ್, ನಾಳೆ ರೆಡ್ ಆಗ್ತದಾ?" ದಿನಾ ಕೇಳುವ ಹುಡುಗನಿಗೇ ಒಂದು ಕೆಲಸ ಕೊಟ್ಟೆ. ನೇರ ಗೋಡೆಯ ಡಬ್ಬಿಯೊಂದನ್ನು ಅಂಗಳದಲ್ಲಿ ಇಟ್ಟು, ಬೆಳಿಗ್ಗೆ ಬಂದ ಕೂಡಲೇ ಸ್ಕೇಲ್ ಇಳಿಸಿ ನೀರಿನ ಎತ್ತರವನ್ನು ಮಿಲಿಮೀಟರ್‌ನಲ್ಲಿ ಬರೆದಿಡುವುದು. ಸಂಖ್ಯಾಶಾಸ್ತ್ರದ ಪಾಠ ಬಂದಾಗ ಸರಾಸರಿ, ಮಧ್ಯಾಂಕ ಎಲ್ಲ ಅದೇ ಪಟ್ಟಿಯಲ್ಲಿ ಮಾಡಿದೆವು. ಪುಸ್ತಕದ ಅಂಕಿಗಿಂತ ಇದಕ್ಕೆ ಜಗಳ ಜಾಸ್ತಿ, ಗಮನವೂ ಜಾಸ್ತಿ. ಒಂದು ಮಾತು ಮಾತ್ರ ನೆನಪಿಡಿ. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದ ಮೇಲೆ ನಮ್ಮಲ್ಲಿ ಗುಡ್ಡದ ಬುಡದ ಮನೆಯ ಮಕ್ಕಳು ರೆಡ್ ಅಲರ್ಟ್ ಬಗ್ಗೆ ಕೇಳುವುದು ರಜೆಗಾಗಿ ಅಲ್ಲ. ಅವರ ಮುಖ ನೋಡಿದರೆ ಗೊತ್ತಾಗುತ್ತದೆ. ಅವರ ಪ್ರಶ್ನೆಗೆ ಕ್ಲಾಸು ನಗಲು ಬಿಡಬೇಡಿ.

ಉಳಿದದ್ದಕ್ಕೆಲ್ಲ ಧಾರಾಳವಾಗಿ ನಗಿ. ಹತ್ತನೇ ತರಗತಿಯಲ್ಲಿ ತ್ರಿಕೋನಮಿತಿಯ ಅನ್ವಯ ಮಾಡುತ್ತಿದ್ದೆ. ಮರದ ಬುಡದಿಂದ ಇಷ್ಟು ದೂರ, ಉನ್ನತ ಕೋನ ಇಷ್ಟು, ಮರದ ಎತ್ತರ ಎಷ್ಟು? ಹಿಂದಿನಿಂದ ಒಬ್ಬ ಹೇಳಿದ: "ಸರ್, ನಮ್ಮ ಅಪ್ಪನ ಹತ್ತಿಸಿ ಹಗ್ಗ ಬಿಟ್ರೆ ಆಯ್ತಲ್ಲ?" ಕ್ಲಾಸು ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ. ಅವನ ಅಪ್ಪ ನಿಜವಾಗಿ ತೆಂಗಿನಕಾಯಿ ಕೊಯ್ಯುವವರು. ಮರುದಿನ ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋದೆ. ಕೋನಮಾಪಕಕ್ಕೆ ಒಂದು ಸ್ಟ್ರಾ ಅಂಟಿಸಿ, ನಡುವಿನಿಂದ ದಾರ ಇಳಿಬಿಟ್ಟು ತುದಿಗೆ ಕಲ್ಲು ಕಟ್ಟಿದೆವು. ಸ್ಟ್ರಾದಲ್ಲಿ ಮರದ ತಲೆ ಕಾಣುವಾಗ ದಾರ 45 ಡಿಗ್ರಿ ಗೆರೆಯ ಮೇಲೆ ಬರುವ ತನಕ ಹಿಂದೆ ಹಿಂದೆ ಹೋಗುವುದು. ಅಲ್ಲಿಂದ ಮರಕ್ಕೆ ಎಷ್ಟು ದೂರವೋ ಅದಕ್ಕೆ ನಮ್ಮ ಕಣ್ಣಿನ ಎತ್ತರ ಸೇರಿಸಿದರೆ ಮರದ ಎತ್ತರ ಸಿಕ್ಕಿತು. ಅಳೆಯುವ ಮೊದಲು ಆ ಹುಡುಗನಿಗೆ ಅಂದಾಜು ಹೇಳು ಅಂದೆ. ಅವನು ಮರವನ್ನು ಕೆಳಗಿನಿಂದ ಮೇಲಿನ ತನಕ ಒಮ್ಮೆ ನೋಡಿ ಮಾರಿನ ಲೆಕ್ಕದಲ್ಲಿ ಹೇಳಿದ. ಟೇಪು ಹಿಡಿದು ನೋಡಿದರೆ ಒಂದು ಮೊಳವೂ ಹೆಚ್ಚುಕಡಿಮೆ ಇರಲಿಲ್ಲ. ಅವತ್ತಿನಿಂದ ಆ ಮೂಲೆ ನನಗೆ ಕೂಗಿ ಸುಮ್ಮನಿರಿಸಬೇಕಾದ ಮೂಲೆ ಅಲ್ಲ.

ನಕ್ಕರೆ ಕ್ಲಾಸು ಕೈತಪ್ಪುವುದಿಲ್ಲ ಮೇಡಂ. ನಕ್ಕ ಮೇಲೆ ಮುಂದೇನು ಅಂತ ನಿಮಗೆ ಗೊತ್ತಿಲ್ಲದಿದ್ದರೆ ತಪ್ಪುತ್ತದೆ. ನಗು ಮುಗಿಯುವಷ್ಟರಲ್ಲಿ ಕೆಲಸ ಕೈಯಲ್ಲಿಡಿ.

ಭಟ್ಕಳ, ಇಂಗ್ಲಿಷ್

ಊಟದ ಮೇಲಿನ ಪೀರಿಯಡ್‌ನಲ್ಲಿ ಪಾಠ ಹೇಳಲೇಬೇಡಿ. ಬಿಸಿ ಅನ್ನ, ಸಾರು ಉಂಡು ಬಂದ ಮಕ್ಕಳಿಗೆ ಯಾರು ಹೇಳಿದರೂ ಕಣ್ಣು ಎಳೆಯುತ್ತದೆ. ಅವರನ್ನು ನಿಲ್ಲಿಸಿ, ಓಡಾಡಿಸಿ, ಗುಂಪು ಮಾಡಿ ಸಂಭಾಷಣೆ ಓದಿಸಿ. ಹೊಸ ಪಾಠ ಬೆಳಿಗ್ಗೆಗೆ ಇಟ್ಟುಕೊಳ್ಳಿ. ವೇಳಾಪಟ್ಟಿ ಮಾಡುವಾಗಲೇ ಮುಖ್ಯ ಶಿಕ್ಷಕರ ಹತ್ತಿರ ಮಾತಾಡಿ, ಪ್ರಯೋಗದ ಪೀರಿಯಡ್ ಮಧ್ಯಾಹ್ನಕ್ಕೆ ಹಾಕಿಸಿಕೊಳ್ಳಿ.

ಹೊನ್ನಾವರ, ಹಿಂದಿ

ಒಂದು ರಜಾ ಅರ್ಜಿ ಹೇಳುತ್ತೇನೆ, ದಣಿವು ಸ್ವಲ್ಪ ಇಳಿಯಲಿ. "ನನಗೆ ನಾಳೆ ಜ್ವರ ಬರುವುದರಿಂದ ಶಾಲೆಗೆ ಬರಲು ಆಗುವುದಿಲ್ಲ." ಒಬ್ಬ ಹುಡುಗ ಹಿಂದಿನ ದಿನವೇ ತಂದು ಕೊಟ್ಟಿದ್ದ. ಅವತ್ತು ರಾತ್ರಿ ಅವನೂರಲ್ಲಿ ಯಕ್ಷಗಾನ. ನಾನು ಬೈಯಲಿಲ್ಲ. ನಿಜವಾದ ಕಾರಣ ಬರೆದು ತಾ, ಯಾವ ಪ್ರಸಂಗ, ನಿನಗೆ ಯಾವ ವೇಷ ಇಷ್ಟ ಅಂತಲೂ ಬರಿ ಅಂದೆ. ಒಂದು ಪುಟ ತುಂಬ ಬರೆದುಕೊಂಡು ಬಂದ. ಪರೀಕ್ಷೆಯಲ್ಲಿ ನಾಲ್ಕು ಸಾಲು ದಾಟದ ಹುಡುಗ! ಮಾರನೇ ದಿನ ಮಧ್ಯಾಹ್ನ ಶಾಲೆಗೂ ಬಂದ.

ಕಾರವಾರ, ಕನ್ನಡ

ಇಲ್ಲಿ ನಮ್ಮ ಮಕ್ಕಳಲ್ಲಿ ಬಹಳ ಜನರ ಮನೆಮಾತು ಕೊಂಕಣಿ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಎಲ್ಲ ವಿಷಯಗಳಲ್ಲಿ ಅದೇ ದೊಡ್ಡದು. ಹಾಗಾಗಿ ನನ್ನ ಮೇಲೆ ಒತ್ತಡ ಜಾಸ್ತಿಯೇ. ನನಗೆ ದಣಿವಾಗುತ್ತಿದ್ದದ್ದು ಕೂಗಿ ಅಲ್ಲ. ಪ್ರಶ್ನೆ ಕೇಳಿದರೆ ಕ್ಲಾಸು ಮೌನವಾಗಿ ಕೂರುತ್ತಿತ್ತು, ಉತ್ತರವನ್ನೂ ನಾನೇ ಹೇಳುತ್ತಿದ್ದೆ. ಇಡೀ ದಿನ ಎರಡೂ ಕಡೆಯ ಮಾತು ಒಬ್ಬರೇ ಆಡಿದರೆ ಯಾರಿಗಾದರೂ ಸುಸ್ತಾಗುತ್ತದೆ ಅಲ್ವಾ? ಈಗ ಮೊದಲು ಕೊಂಕಣಿಯಲ್ಲೇ ಹೇಳಿ ಅನ್ನುತ್ತೇನೆ. ಒಬ್ಬ ಹೇಳುತ್ತಾನೆ, ಪಕ್ಕದವಳು ಅದನ್ನೇ ಕನ್ನಡದಲ್ಲಿ ಹೇಳುತ್ತಾಳೆ, ಮೂರನೆಯವರು ಬರೆಯುತ್ತಾರೆ. ಕ್ಲಾಸಿನಲ್ಲಿ ನನ್ನ ಮಾತು ಅರ್ಧಕ್ಕೆ ಇಳಿದಿದೆ.

ತಡವಾಗಿ ಬರುವ ಮಕ್ಕಳ ಬಗ್ಗೆಯೂ ಒಂದು ಮಾತು. ಕಡಲ ತೀರದಲ್ಲಿ ರಂಪಣಿ ಬಲೆ ಎಳೆಯುವ ದಿನ ನಮ್ಮ ಕೆಲವು ಹುಡುಗರು ಬೆಳಿಗ್ಗೆ ಹಗ್ಗಕ್ಕೆ ಕೈ ಹಾಕಿ, ಪಾಲಿಗೆ ಬಂದ ಮೀನು ಮನೆಗೆ ಕೊಟ್ಟು ಶಾಲೆಗೆ ಓಡಿ ಬರುತ್ತಾರೆ. ಒಬ್ಬ ಒಳಗೆ ಬಂದ ಕೂಡಲೇ "ಬಂಗಡೆ ಬಂತು, ಬಂಗಡೆ ಬಂತು" ಅಂತ ನಗು ಶುರುವಾಯಿತು. ಅವನ ಮುಖ ಸಣ್ಣದಾಯಿತು. ಇಂಥ ನಗುವನ್ನು ಅಲ್ಲೇ ನಿಲ್ಲಿಸಬೇಕು, ಇದರಲ್ಲಿ ನಾನು ಗಟ್ಟಿ. "ಬಲೆ ಎಳೆಯಲು ಎರಡೂ ಕಡೆ ಎಷ್ಟೆಷ್ಟು ಜನ ಬೇಕು? ಒಂದು ಕಡೆಯವರು ಬೇಗ ಎಳೆದರೆ ಏನಾಗ್ತದೆ?" ಅಂತ ಅವನನ್ನು ಕೇಳಿದೆ. ಅವನು ಬೋರ್ಡಿನ ಮೇಲೆ ದಡ, ನೀರು, ಅರ್ಧಚಂದ್ರದ ಹಾಗೆ ಬಲೆ ಬಿಡಿಸಿ ವಿವರಿಸಿದ. ನಕ್ಕವರಿಗೇ ಅದರ ಮೇಲೆ ಪ್ರಬಂಧ ಬರೆಯಲು ಕೊಟ್ಟೆ.

ಶಿರಸಿ, ಸಮಾಜ ವಿಜ್ಞಾನ

ಘಟ್ಟದ ಮೇಲಿನವರ ಅನುಭವವೂ ಇರಲಿ. ನಮ್ಮಲ್ಲಿ ಅಡಿಕೆ ಕೊಯ್ಲು ಶುರುವಾದರೆ ಮಕ್ಕಳೂ ಮನೆಯವರ ಜೊತೆ ರಾತ್ರಿ ಅಡಿಕೆ ಸುಲಿಯಲು ಕೂರುತ್ತಾರೆ. ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲೇ ತೂಕಡಿಕೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದು ಹತ್ತನೇ ತರಗತಿಯವರ ಪರೀಕ್ಷೆಯ ಆಸುಪಾಸಿನಲ್ಲೇ. ತೊಟ್ಟಿಲು ತಿರುಗುವ ಸದ್ದು ಕಿವಿಯಲ್ಲಿರುವಾಗ ಪಾನಿಪತ್ ಕದನ ಯಾರ ತಲೆಗೆ ಹೋಗುತ್ತದೆ? ಇದನ್ನೆಲ್ಲ ಜೂನ್‌ನಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಕಷ್ಟದ ಪಾಠಗಳನ್ನು ಮೊದಲೇ ಮುಗಿಸುವುದು ನನ್ನ ಪದ್ಧತಿ.

ಆದರೆ ನನಗೆ ಜಾಸ್ತಿ ಹೇಳಬೇಕಿರುವುದು ಕಾಗದದ ಕೆಲಸದ ಬಗ್ಗೆ. ನಾವು ಮಕ್ಕಳಿಂದ ದಣಿಯುತ್ತೇವೆ ಅಂದುಕೊಳ್ಳುತ್ತೇವೆ. ಒಂದು ವಾರ ಗಮನಿಸಿ ನೋಡಿ. ಸ್ಯಾಟ್ಸ್ (ಮಕ್ಕಳ ದಾಖಲೆಯ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ವಿದ್ಯಾರ್ಥಿವೇತನ, ಆಧಾರ್‌ನಲ್ಲಿ ಒಂದು ಹೆಸರು ಶಾಲೆಯಲ್ಲಿ ಇನ್ನೊಂದು, ತರಬೇತಿ, "ಈಗಲೇ ಕಳಿಸಿ" ಅಂತ ಬರುವ ಸಂದೇಶ. 2025ರಲ್ಲಿ ದಸರಾ ರಜೆ ಮನೆಮನೆ ಸಮೀಕ್ಷೆಯಲ್ಲಿ ಹೋಯಿತು, ಆಮೇಲೆ ಪಾಠ ಮುಗಿಸಲು ಓಟ. ಈ ಕೆಲಸಗಳೂ ಬೇಕಾದವೇ, ಮಕ್ಕಳಿಗೆ ಸಿಗಬೇಕಾದ ಹಣ ಅದರಲ್ಲಿದೆ. ಆದರೆ ಅದೆಲ್ಲ ಎರಡು ಪಾಠಗಳ ಮಧ್ಯೆ ನುಗ್ಗಿದರೆ ತಲೆ ಕೆಡುತ್ತದೆ. ನಮ್ಮ ಶಾಲೆಯಲ್ಲಿ ಕೆಲಸ ಹಂಚಿಕೊಂಡಿದ್ದೇವೆ. ಒಬ್ಬರಿಗೆ ಊಟದ ಲೆಕ್ಕ, ಒಬ್ಬರಿಗೆ ವಿದ್ಯಾರ್ಥಿವೇತನ. ಪಾಠದ ಹೊತ್ತಿನಲ್ಲಿ ಫೋನ್ ಸ್ಟಾಫ್ ರೂಮಿನಲ್ಲೇ. ಎಲ್ಲರೂ ಎಲ್ಲವನ್ನೂ ಮಾಡುತ್ತಿದ್ದಾಗಿನ ಸುಸ್ತು ಈಗ ಇಲ್ಲ.

ಪೇಪರ್ ತಿದ್ದುವುದಕ್ಕೂ ಒಂದು ಉಪಾಯ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ನಾಲ್ಕು, ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ) ಎರಡು, ಜೊತೆಗೆ ಕಿರುಪರೀಕ್ಷೆ. ಒಂದೊಂದೇ ಪೇಪರ್ ಪೂರ್ತಿ ತಿದ್ದಬೇಡಿ. ಎಲ್ಲರ ಮೊದಲ ಪ್ರಶ್ನೆ, ಆಮೇಲೆ ಎಲ್ಲರ ಎರಡನೆಯದು, ಹೀಗೆ ಹೋಗಿ. ಬೇಗ ಆಗುತ್ತದೆ, ಅಂಕದಲ್ಲಿ ಭೇದವೂ ಬರುವುದಿಲ್ಲ. ಎಲ್ಲರೂ ಒಂದೇ ಕಡೆ ಎಡವಿದ್ದಾರೆ ಅಂತಲೂ ಗೊತ್ತಾಗುತ್ತದೆ.

ಕುಮಟಾ, ನಿವೃತ್ತ ವಿಜ್ಞಾನ ಶಿಕ್ಷಕಿ

ತಂಗಿ, ನಿನ್ನದೇ ತಾಲೂಕು, ನಿನ್ನದೇ ವಿಷಯ, ಅದಕ್ಕೆ ಬರೆಯುತ್ತಿದ್ದೇನೆ.

ಗಂಟಲಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡ. ಪೀರಿಯಡ್ ಪೀರಿಯಡ್ ಮಧ್ಯೆ ಎರಡು ಗುಟುಕು ನೀರು ಕುಡಿ. ಕೆರೆದು ಕೆರೆದು ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ಬಿಡು. ಸ್ವರ ಕೂತಾಗ ಪಿಸುಗುಟ್ಟಿದರೆ ಒಳ್ಳೆಯದು ಅಂತ ಬಹಳ ಜನ ಅಂದುಕೊಳ್ಳುತ್ತಾರೆ, ಅದರಿಂದಲೂ ಗಂಟಲಿಗೆ ಶ್ರಮ. ಸುಮ್ಮನಿರುವುದೇ ಮದ್ದು. ಡಸ್ಟರ್ ಒದ್ದೆ ಮಾಡಿ ಒರೆಸಿದರೆ ಸೀಮೆಸುಣ್ಣದ ಧೂಳು ಏಳುವುದಿಲ್ಲ. ರಾತ್ರಿ ಬಿಸಿ ಕಷಾಯ ಕುಡಿ, ಹಾಯೆನಿಸುತ್ತದೆ. ಆದರೆ ಮೂರು ವಾರವಾದರೂ ಸ್ವರ ಒಡೆದೇ ಇದ್ದರೆ ಕಷಾಯ ನಂಬಿ ಕೂರದೆ ಕಿವಿ ಮೂಗು ಗಂಟಲು ಡಾಕ್ಟರಿಗೆ ತೋರಿಸು. ನಮಗೆ ಸ್ವರವೇ ಅನ್ನ.

ಇನ್ನು ಪಾಠ. ಹತ್ತನೇ ತರಗತಿಯ ಆಮ್ಲ, ಪ್ರತ್ಯಾಮ್ಲ, ಲವಣ ಮಾಡುವಾಗ ನಾನು ಸೋಡಿಯಂ ಹೈಡ್ರಾಕ್ಸೈಡಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಉಪ್ಪು ಮತ್ತು ನೀರು ಆಗುತ್ತದೆ ಅಂದೆ. ಉಪ್ಪಿನ ಆಗರಗಳಿರುವ ಸಾಣಿಕಟ್ಟಾ ಕಡೆಯ ಹುಡುಗಿ ಎದ್ದು ನಿಂತು, "ಅಕ್ಕೋರೆ, ಅಷ್ಟೆಲ್ಲ ಕಷ್ಟ ಯಾಕೆ? ನಮ್ಮ ಆಗರದಲ್ಲಿ ಬಿಸಿಲಿಗೆ ಬಿಟ್ರೆ ತನ್ನಷ್ಟಕ್ಕೆ ಆಗ್ತದಲ್ಲ?" ಅಂದಳು. ಎಲ್ಲರೂ ನಕ್ಕರು. ಅವಳು ಕೇಳಿದ್ದು ತಮಾಷೆಗೆ ಅಲ್ಲ. ಅವಳಿಂದಲೇ ಆಗರದ ಕೆಲಸ ಹೇಳಿಸಿದೆ. ನೀರು ಒಂದು ಪಾತಿಯಿಂದ ಇನ್ನೊಂದಕ್ಕೆ ಬಂದ ಹಾಗೆ ದಪ್ಪ ಆಗುವುದು, ಕೊನೆಗೆ ತಳದಲ್ಲಿ ಹರಳು ಕಟ್ಟುವುದು, ಅದನ್ನು ಎಳೆದು ಗುಡ್ಡೆ ಹಾಕುವುದು. ಸಮುದ್ರದಲ್ಲಿ ಉಪ್ಪು ಮೊದಲೇ ಕರಗಿ ಇರುತ್ತದೆ, ಬಿಸಿಲು ನೀರನ್ನು ಮಾತ್ರ ಒಯ್ಯುತ್ತದೆ, ಪ್ರನಾಳದಲ್ಲಿ ನಾವು ಅದನ್ನು ಹೊಸದಾಗಿ ಮಾಡುತ್ತೇವೆ. ಈ ವ್ಯತ್ಯಾಸ ಆ ಕ್ಲಾಸಿನಲ್ಲಿ ಒಬ್ಬರೂ ಮರೆಯಲಿಲ್ಲ.

ಅದೇ ಪಾಠದಲ್ಲಿ ಇನ್ನೊಂದು ಪ್ರಯೋಗ, ಇದನ್ನು ನೀನು ಖಂಡಿತ ಮಾಡು. ಅಘನಾಶಿನಿ ಹೊಳೆ ದಂಡೆಯ ಮಕ್ಕಳಿಗೆ ಬಳಚಿನ ಚಿಪ್ಪು (ಹೊಳೆಯಲ್ಲಿ ಸಿಗುವ ಕಪ್ಪೆಚಿಪ್ಪು) ತರಲು ಹೇಳು. ಎಲೆ ಅಡಿಕೆಗೆ ಇಟ್ಟಿರುವ ಚಿಪ್ಪಿನ ಸುಣ್ಣ ಮನೆಯಲ್ಲಿ ಇದ್ದರೆ ಅದನ್ನೂ ಸ್ವಲ್ಪ ತರಲಿ. ಸುಣ್ಣವನ್ನು ನೀರಿಗೆ ಕಲಸಿ ಒಂದು ರಾತ್ರಿ ಬಿಟ್ಟು ಮೇಲಿನ ತಿಳಿ ತೆಗೆದುಕೋ. ಚಿಪ್ಪಿನ ಚೂರಿಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ನೊರೆ ಏಳುತ್ತದೆ. ಬರುವ ಕಾರ್ಬನ್ ಡೈಆಕ್ಸೈಡನ್ನು ನಳಿಕೆಯಲ್ಲಿ ತಿಳಿನೀರಿಗೆ ಬಿಟ್ಟರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಆ ಬಿಳಿ ಕ್ಯಾಲ್ಸಿಯಂ ಕಾರ್ಬೊನೇಟ್, ಚಿಪ್ಪಿನಲ್ಲಿ ಇರುವುದೂ ಅದೇ. ನನ್ನ ಕ್ಲಾಸಿನಲ್ಲಿ ನಾನು ಸಮೀಕರಣ ಬರೆಯುವ ಮೊದಲೇ ಒಬ್ಬ ಕೂಗಿದ: "ಅಕ್ಕೋರೆ, ಚಿಪ್ಪು ವಾಪಸ್ ಬಂತು!" ನಾನು ಇನ್ನೇನು ಹೇಳಬೇಕು? ಅವನ ಮಾತನ್ನೇ ಬೋರ್ಡಿನ ಮೇಲೆ ಬರೆದು, ಕೆಳಗೆ ಸಮೀಕರಣ ಬರೆದೆ. ಅವತ್ತು ಮನೆಗೆ ಹೋಗುವಾಗ ಕಾಲು ನೋಯುತ್ತಿತ್ತು, ಮನಸ್ಸಿಗೆ ಏನೂ ದಣಿವಿರಲಿಲ್ಲ.

ಹತ್ತನೆಯವರ ಫಲಿತಾಂಶದ ಚಿಂತೆಯನ್ನು ಈಗಲೇ ತಲೆ ಮೇಲೆ ಹೊರಬೇಡ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಮೊದಲನೆಯದರಲ್ಲಿ ಹೋದರೂ ಮಗುವಿನ ವರ್ಷ ಹಾಳಾಗುವುದಿಲ್ಲ. ಮಕ್ಕಳಿಗೂ ಇದನ್ನು ಹೇಳು, ಅವರೂ ಹೆದರಿರುತ್ತಾರೆ.

ಕುಮಟಾ ತಾಲೂಕು, ವಿಜ್ಞಾನ

ಎಲ್ಲರಿಗೂ ಕೈಮುಗಿಯುತ್ತೇನೆ. ಎರಡೆರಡು ಸಲ ಓದಿದೆ. ಮಳೆ ಬಂದಾಗ ಸೀಮೆಸುಣ್ಣ ದಾಟಿಸುವುದನ್ನು ನಾಳೆಯೇ ಮಾಡುತ್ತೇನೆ. ಅಕ್ಕೋರೆ, ನಮ್ಮ ಪ್ರಯೋಗಾಲಯದಲ್ಲಿ ಬಾಗಿದ ಗಾಜಿನ ನಳಿಕೆ ಒಡೆದಿದೆ. ಬೇರೆ ಏನು ಬಳಸಬಹುದು?

ಕುಮಟಾ, ನಿವೃತ್ತ ವಿಜ್ಞಾನ ಶಿಕ್ಷಕಿ

ಔಷಧಿ ಅಂಗಡಿಯಲ್ಲಿ ಸಲೈನ್ ಪೈಪು ಸಿಗುತ್ತದೆ, ಹೊಸದು ತಗೋ. ರಬ್ಬರ್ ಬಿರಡೆಗೆ ತೂತು ಮಾಡಿ ತೂರಿಸಿ, ಸುತ್ತ ಮೇಣ ಹಚ್ಚು, ಗಾಳಿ ಸೋರಬಾರದು. ಪೈಪಿನ ತುದಿ ಆಮ್ಲಕ್ಕೆ ತಾಗದ ಹಾಗೆ ಮೇಲೆಯೇ ಇರಲಿ. ಚಿಪ್ಪನ್ನು ಕುಟ್ಟಿ ಸಣ್ಣ ಚೂರು ಮಾಡಿಕೊಂಡರೆ ಬೇಗ ಆಗುತ್ತದೆ. ಕುಟ್ಟುವ ಕೆಲಸ ಹಿಂದಿನ ಬೆಂಚಿನವರಿಗೆ ಕೊಡು, ಆಮ್ಲದ ಬಾಟಲಿ ಮಾತ್ರ ನಿನ್ನ ಕೈಯಲ್ಲೇ ಇರಲಿ.