ಅಪ್‌ಡೇಟ್: ಪಾಸ್‌ಪೋರ್ಟ್ ಇಲ್ಲದೆಯೇ ಡ್ರೋನ್ ಪೈಲಟ್ ಸರ್ಟಿಫಿಕೇಟ್ ಸಿಕ್ಕಿತು

ಓದಿದ್ದು ಎಸ್ಸೆಸ್ಸೆಲ್ಸಿ, ಪಾಸ್‌ಪೋರ್ಟ್ ಇಲ್ಲ, ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್ ಹಾರಿಸಲು ಸರ್ಟಿಫಿಕೇಟ್ ಸಿಗುತ್ತಾ ಅಂತ ಕೇಳಿದ್ದೆನಲ್ಲ, ಸಿಕ್ಕಿತು.

ಮೊದಲು ಫೋನ್ ಮಾಡಿದ ಸೆಂಟರ್‌ನವರು ಪಾಸ್‌ಪೋರ್ಟ್ ಬೇಕೇ ಬೇಕು ಅಂದರು. 2023ರಲ್ಲೇ ಆ ನಿಯಮ ತೆಗೆದಿದ್ದಾರೆ, ವೋಟರ್ ಐಡಿ ಅಥವಾ ರೇಷನ್ ಕಾರ್ಡ್ ಸಾಕು ಅಂತ ನಿಮ್ಮಲ್ಲೊಬ್ಬರು ಹೇಳಿದ್ದರು. ಕೊನೆಗೆ ಕೈ ಹಿಡಿದಿದ್ದು ಆ ಮಾತೇ. ಡಿಜಿಸಿಎ (ಕೇಂದ್ರದ ವಿಮಾನಯಾನ ನಿಯಂತ್ರಣ ಸಂಸ್ಥೆ) ಮಾನ್ಯತೆ ಇರುವ ಇನ್ನೊಂದು ಸೆಂಟರ್‌ಗೆ ಹೋದೆ, ಅಲ್ಲಿ ಪಾಸ್‌ಪೋರ್ಟ್ ವಿಷಯವನ್ನೇ ಯಾರೂ ಎತ್ತಲಿಲ್ಲ.

ಮೊಬೈಲ್ ಗೇಮ್‌ನಲ್ಲಿ ಪ್ರಾಕ್ಟೀಸ್ ಮಾಡಿ ಅಂದಿದ್ದ ಸಲಹೆ ಮಾತ್ರ ಸುಮ್ನೆ ಟೈಮ್ ವೇಸ್ಟ್. ಕೈಗೆ ನಿಜವಾದ ರಿಮೋಟ್ ಕೊಟ್ಟಾಗ ಎಲ್ಲ ಹೊಸದೇ. ಅದರಲ್ಲೂ ಜಿಪಿಎಸ್ ಆಫ್ ಮಾಡಿಸಿ ಹಾರಿಸುವಾಗ ಡ್ರೋನ್ ಗಾಳಿ ಬೀಸಿದ ಕಡೆಗೆಲ್ಲ ಜಾರುತ್ತದೆ, ಮೂತಿ ನಮ್ಮ ಕಡೆ ತಿರುಗಿದರೆ ಎಡ ಬಲ ಎರಡೂ ಅದಲುಬದಲು, ಇದಕ್ಕೇ ಜಾಸ್ತಿ ಬೆವರು ಹರಿದಿದ್ದು.

ನನಗೆ ಗೊತ್ತಿರದಿದ್ದ ಒಂದು ವಿಷಯ ಅಂದರೆ ಡ್ರೋನ್‌ನ ತೂಕದ ಕ್ಲಾಸ್. ಎರಡು ಕೆಜಿವರೆಗೆ ಮೈಕ್ರೋ, ಅದರ ಮೇಲೆ 25 ಕೆಜಿವರೆಗೆ ಸ್ಮಾಲ್. ತೂಕಕ್ಕೆ ಟ್ಯಾಂಕ್‌ನಲ್ಲಿರುವ ಔಷಧಿಯೂ ಸೇರುತ್ತದೆ. ಹಾಗಾಗಿ ಸ್ಪ್ರೇ ಡ್ರೋನ್ ಎರಡು ಕೆಜಿ ದಾಟಿಬಿಡುತ್ತದೆ, ಆ ಕೆಲಸಕ್ಕೆ ಮೈಕ್ರೋ ಕೋರ್ಸ್ ಮಾಡಿದರೆ ದುಡ್ಡು ನೀರಿಗೆ ಹಾಕಿದಂತೆ. ಫೀಸ್ ಕಟ್ಟುವ ಮೊದಲು ಇದನ್ನು ಕೇಳಿಕೊಳ್ಳಿ.

ಸರ್ಟಿಫಿಕೇಟ್ 10 ವರ್ಷ ನಡೆಯುತ್ತದೆ. ಡ್ರೋನ್‌ಗೆ ಯುಐಎನ್ (ಆ ಡ್ರೋನ್‌ನ ನೋಂದಣಿ ನಂಬರ್) ಬೇರೆ ಇರಬೇಕು, ಅದನ್ನು ಇದರ ಜೊತೆ ಕೊಡಲ್ಲ. ಸ್ವಂತ ಡ್ರೋನ್ ಸದ್ಯಕ್ಕಿಲ್ಲ, ಬಾಡಿಗೆಗೆ ಸಿಗುತ್ತಾ ನೋಡುತ್ತಿದ್ದೇನೆ.